ಕಂಪ್ಯೂಟರಿಗೆ ಜ್ವರ ಬಂದಾಗ

ಬಳ್ಳಾರಿ ಸೀಮೆಗೆ ಮೂರೇ ಕಾಲ: ಬೇಸಿಗೆ, ಕಡುಬೇಸಿಗೆ, ಇನ್ನೂ ಕಡುಬೇಸಿಗೆ ಎಂದು ಹೊರಗಿನವರು ತಮಾಷೆ ಮಾಡುತ್ತಾರೆ. ಕೊಳಗಲ್ಲಿನಲ್ಲಿ ಬಾಳುವ ನಮಗೆ ಅದು ಪೂರ್ತಿ ತಮಾಷೆಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ನಮಗೆ ಸೆಕೆಯಾದರೆ ಮಡಕೆಯ ನೀರಿದೆ, ಮಜ್ಜಿಗೆ ಇದೆ, ಕಿಟಕಿಗೆ ಕೂಲರ್ ಇದೆ, ಬೇವಿನ ಮರದ ನೆರಳಿದೆ. ಮನೆಯ ಮೂಲೆಯಲ್ಲಿ ಕೂತ ಕಂಪ್ಯೂಟರಿಗೆ ಸೆಕೆಯಾದರೆ ಅದು ಏನು ಮಾಡಬೇಕು?

ಕಂಪ್ಯೂಟರಿಗೂ ಸೆಕೆಯೇ ಎಂದು ನಗಬೇಡಿ ಮಕ್ಕಳೇ. ಅದರೊಳಗಿನ ಚಿಪ್ಪು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಆದರೆ ಜೋರಾಗಿ ಕೆಲಸ ಮಾಡುವಾಗ ಅದು 100ರಿಂದ 200 ವ್ಯಾಟ್ ವಿದ್ಯುತ್ತನ್ನು ನುಂಗುತ್ತದೆ. ನುಂಗಿದ್ದೆಲ್ಲವೂ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಹಳೆಯ ಕಾಲದ 100 ವ್ಯಾಟ್ ಬಲ್ಬನ್ನು ಉರಿಯುವಾಗ ಮುಟ್ಟಿ ಕೈ ಸುಟ್ಟುಕೊಂಡ ಅಜ್ಜ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಎರಡು ಬಲ್ಬುಗಳ ಬಿಸಿ ಒಂದು ಅಂಚೆಚೀಟಿಯಷ್ಟು ಜಾಗದಲ್ಲಿ ಹುಟ್ಟಿದರೆ ಹೇಗಿರುತ್ತದೆ, ಊಹಿಸಿಕೊಳ್ಳಿ.

ನೀರು ಏಕೆ ಬೇಕು?

ಸಾಮಾನ್ಯ ಕಂಪ್ಯೂಟರಿನಲ್ಲಿ ಚಿಪ್ಪಿನ ಮೇಲೆ ಲೋಹದ ರೆಕ್ಕೆಗಳಿರುತ್ತವೆ, ಅವುಗಳಿಗೆ ಒಂದು ಫ್ಯಾನ್ ಗಾಳಿ ಬೀಸುತ್ತದೆ. ಹೆಚ್ಚು ದುಡಿಯುವ ಕಂಪ್ಯೂಟರುಗಳಲ್ಲಿ ನೀರನ್ನು ಬಳಸುತ್ತಾರೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖ, ಒಂದು ಲೀಟರ್ ಗಾಳಿಗೆ ಬೇಕಾಗುವ ಶಾಖದ ಸುಮಾರು 3500 ಪಟ್ಟು. ಅಂದರೆ ಸ್ವಲ್ಪವೇ ನೀರು ತುಂಬಾ ಬಿಸಿಯನ್ನು ಹೊತ್ತೊಯ್ಯಬಲ್ಲದು.

ಏರ್ಪಾಡು ಸರಳವಾಗಿದೆ. ಚಿಪ್ಪಿನ ಮೇಲೆ ತಾಮ್ರದ ಒಂದು ಟೊಳ್ಳು ಬಿಲ್ಲೆ ಕೂರುತ್ತದೆ. ಪುಟ್ಟ ಪಂಪು ಅದರೊಳಗೆ ನೀರು ಹರಿಸುತ್ತದೆ. ಬಿಸಿಯಾದ ನೀರು ಕೊಳವೆಯಲ್ಲಿ ರೇಡಿಯೇಟರಿಗೆ ಹೋಗುತ್ತದೆ. ಅಲ್ಲಿ ಫ್ಯಾನುಗಳು ಗಾಳಿ ಬೀಸಿ ಬಿಸಿಯನ್ನು ಕೋಣೆಗೆ ಬಿಡುತ್ತವೆ. ತಣಿದ ನೀರು ಮತ್ತೆ ಚಿಪ್ಪಿಗೆ ಬರುತ್ತದೆ.

ರೈತರ ಮನೆಯ ಹಿರಿಯರು ಇದನ್ನು ಓದಿದ ಕೂಡಲೇ, "ಅಯ್ಯೋ, ಇದು ನಮ್ಮ ಟ್ರ್ಯಾಕ್ಟರಿನ ರೇಡಿಯೇಟರ್ ಅಲ್ಲವೇ!" ಎನ್ನುತ್ತಾರೆ. ಹೌದು, ಅದೇ. ನಮ್ಮ ಪಕ್ಕದ ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರವೂ ಇದೇ ಜಾತಿಯದು. 1700 ಮೆಗಾವ್ಯಾಟಿನ ಆ ಕೇಂದ್ರದಲ್ಲಿ ಟರ್ಬೈನ್ ತಿರುಗಿಸಿದ ಹಬೆಯನ್ನು ಮತ್ತೆ ನೀರಾಗಿಸುವುದೂ ತಣ್ಣೀರೇ. ಟ್ರ್ಯಾಕ್ಟರಿಗೂ ಕಂಪ್ಯೂಟರಿಗೂ ಗಾತ್ರ ಬೇರೆ, ತತ್ವ ಒಂದೇ.

ನಮ್ಮ ರಾಜ್ಯದಲ್ಲೇ ಇದರ ದೊಡ್ಡ ಉದಾಹರಣೆಗಳಿವೆ. ಹಿರಿಯರು 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2015ರಲ್ಲಿ 'ಸಹಸ್ರ ಟಿ' ಎಂಬ ಸೂಪರ್ ಕಂಪ್ಯೂಟರ್ ಬಂತು. ಅದು ಕ್ರೇ ಕಂಪನಿಯ ಎಕ್ಸ್‌ಸಿ 40 ಮಾದರಿ. ಸಾಲಾಗಿ ನಿಂತ ಬೀರುಗಳ ನಡುವೆ ಗಾಳಿ ಅಡ್ಡಡ್ಡವಾಗಿ ಹರಿಯುತ್ತದೆ. ಒಂದು ಬೀರುವಿನಲ್ಲಿ ಬಿಸಿಯಾದ ಗಾಳಿಯನ್ನು ನೀರಿನ ಸುರುಳಿ ತಣಿಸಿ ಮುಂದಿನ ಬೀರುವಿಗೆ ಕಳಿಸುತ್ತದೆ. 2022ರಲ್ಲಿ ಅದೇ ಸಂಸ್ಥೆಗೆ 'ಪರಮ್ ಪ್ರವೇಗ' ಬಂತು. ಸೆಕೆಂಡಿಗೆ 3300 ಲಕ್ಷ ಕೋಟಿ ಲೆಕ್ಕ ಮಾಡುವ ಸಾಮರ್ಥ್ಯ ಅದಕ್ಕಿದೆ. ಅದು ಅಟೋಸ್ ಕಂಪನಿಯ ಬುಲ್ ಸೀಕ್ವಾನಾ ಎಂಬ ಮಾದರಿ. ನೀರನ್ನು ನೇರವಾಗಿ ಚಿಪ್ಪಿನ ಬಳಿಗೇ ಒಯ್ಯುವ ಹಾಗೆ ಆ ಮಾದರಿಯನ್ನು ರೂಪಿಸಿದ್ದಾರೆ.

ಇಂಥ ಯಂತ್ರಗಳಿಗಾಗಲಿ, ಮನೆಯ ಮೂಲೆಯ ಡಬ್ಬಿಗಾಗಲಿ ಒಂದೇ ಪ್ರಶ್ನೆ ಎದುರಾಗುತ್ತದೆ: ಫ್ಯಾನ್ ಯಾವಾಗ ಜೋರಾಗಿ ತಿರುಗಬೇಕು, ಯಾವಾಗ ನಿಧಾನವಾಗಬೇಕು? ಇದನ್ನು ಹೇಳುವವರು ಯಾರು?

ಅಳೆಯುವ ಮಣಿ

ಹೇಳುವುದು ಥರ್ಮಿಸ್ಟರ್ ಎಂಬ ಒಂದು ಸಣ್ಣ ಮಣಿ. ಜೋಳದ ಕಾಳಿಗಿಂತ ಚಿಕ್ಕದು. ಬಿಸಿ ಏರಿದಂತೆ ವಿದ್ಯುತ್ತಿಗೆ ಅದು ಒಡ್ಡುವ ತಡೆ ಇಳಿಯುತ್ತದೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಮಣಿಯ ತಡೆ 25 ಡಿಗ್ರಿಯಲ್ಲಿ 10,000 ಓಮ್. 50 ಡಿಗ್ರಿಯಲ್ಲಿ ಅದು 4000ದ ಆಸುಪಾಸಿಗೆ ಇಳಿಯುತ್ತದೆ. ತಡೆಯನ್ನು ಅಳೆದರೆ ಬಿಸಿ ಎಷ್ಟೆಂದು ತಿಳಿಯುತ್ತದೆ. ಬಿಸಿಯಾದಂತೆ ತಡೆ ಇಳಿಯುವ ಈ ಗುಣವನ್ನು 1833ರಲ್ಲೇ ಮೈಕೆಲ್ ಫ್ಯಾರಡೆ ಬೆಳ್ಳಿಯ ಸಲ್ಫೈಡಿನಲ್ಲಿ ಕಂಡಿದ್ದ. ಚಿಪ್ಪಿನೊಳಗೂ ಇಂಥದೇ ಕೆಲಸ ಮಾಡುವ ಬಹು ಸೂಕ್ಷ್ಮ ಅಳತೆಗಾರರನ್ನು ತಯಾರಕರು ಹುದುಗಿಸಿಟ್ಟಿರುತ್ತಾರೆ.

ಫ್ಯಾನಿನ ಕಡೆ ನೋಡಿ. ಅದಕ್ಕೆ ನಾಲ್ಕು ತಂತಿಗಳಿರುತ್ತವೆ. ಎರಡು ವಿದ್ಯುತ್ತಿಗೆ. ಮೂರನೆಯದು 'ನಾನು ಇಷ್ಟು ಸುತ್ತು ತಿರುಗುತ್ತಿದ್ದೇನೆ' ಎಂದು ವರದಿ ಒಪ್ಪಿಸಲು. ನಾಲ್ಕನೆಯದು 'ಇಷ್ಟು ತಿರುಗು' ಎಂಬ ಅಪ್ಪಣೆ ಕೇಳಲು. ಅಪ್ಪಣೆ ಬರುವ ರೀತಿ ಸೊಗಸಾಗಿದೆ. ಸೆಕೆಂಡಿಗೆ 25,000 ಸಲ ಸಂಕೇತ ಹತ್ತಿ ಆರುತ್ತದೆ. ಹತ್ತಿರುವ ಹೊತ್ತು ಹೆಚ್ಚಿದರೆ ಫ್ಯಾನ್ ಜೋರು, ಆರಿರುವ ಹೊತ್ತು ಹೆಚ್ಚಿದರೆ ನಿಧಾನ.

ವೇಗ ಇಳಿಸುವುದರಲ್ಲಿ ದೊಡ್ಡ ಲಾಭವಿದೆ. ವೇಗ ಅರ್ಧವಾದರೆ ಗಾಳಿಯೂ ಸುಮಾರು ಅರ್ಧವಾಗುತ್ತದೆ. ಆದರೆ ಫ್ಯಾನಿಗೆ ಬೇಕಾದ ವಿದ್ಯುತ್ತು ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಸದ್ದಂತೂ ಬಹಳ ಕಡಿಮೆ. ಆದ್ದರಿಂದ ಬೇಕಾದಷ್ಟೇ ತಿರುಗುವ ಫ್ಯಾನ್ ಜಾಣ ಫ್ಯಾನ್.

ಮೇ ತಿಂಗಳ ಪಂಚಾಯ್ತಿ

ನಾನು ಇದನ್ನೆಲ್ಲ ತಿಳಿದುಕೊಂಡದ್ದು ಪುಸ್ತಕದ ಆಸೆಯಿಂದಲ್ಲ, ಮನೆಯ ಗರಜಿನಿಂದ. ಮೊಮ್ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ಅವನ ಪ್ರಾಜೆಕ್ಟಿಗೆ ಗಂಟೆಗಟ್ಟಲೆ ಲೆಕ್ಕ ಓಡಿಸುವ ಕಂಪ್ಯೂಟರ್ ಬೇಕಿತ್ತು. ಅವರಪ್ಪ ಸೆಕೆಂಡ್ ಹ್ಯಾಂಡಿನಲ್ಲಿ ನೀರಿನಿಂದ ತಣಿಯುವ ಒಂದನ್ನು ಕೊಡಿಸಿದ. ಅಂಗಡಿಯ ಹುಡುಗ ಬಂದು, ಧೂಳು ಬೀಳದಿರಲೆಂದು ಗೋಡೆಯ ಗೂಡಿನೊಳಗೆ ಕೂರಿಸಿ ಹೋದ.

ಜನವರಿಯಲ್ಲಿ ಚೆನ್ನಾಗಿಯೇ ಇತ್ತು. ಮೇ ಬಂತು. ಮಧ್ಯಾಹ್ನ ಎರಡು ದಾಟಿದರೆ ಯಂತ್ರ ತಟ್ಟನೆ ನಿಂತುಹೋಗುತ್ತಿತ್ತು. ಆರು ಗಂಟೆ ಓಡಿದ ಲೆಕ್ಕ ಮಣ್ಣುಪಾಲು. ರಾತ್ರಿ ಫ್ಯಾನ್ ಒಮ್ಮೆ ಗೊರ್ರೆನ್ನುವುದು, ಮರುಗಳಿಗೆ ಸುಮ್ಮನಾಗುವುದು, ಮತ್ತೆ ಗೊರ್ರೆನ್ನುವುದು. ಪಕ್ಕದ ಕೋಣೆಯಲ್ಲಿ ನನ್ನ ಮನೆಯಾಕೆಗೆ ನಿದ್ದೆಯಿಲ್ಲ. ಅಂಗಡಿಯವರನ್ನು ಕೇಳಿದರೆ, "ಹೊಸ ಕೂಲಿಂಗ್ ಸೆಟ್ ಹಾಕಿಸಿ, ರೂಮಿಗೆ ಎಸಿ ಹಾಕಿಸಿ" ಎಂದರು. ಎರಡಕ್ಕೂ ಸೇರಿ ಅರವತ್ತು ಸಾವಿರದ ಮಾತು. ಪ್ರಾಜೆಕ್ಟ್ ಒಪ್ಪಿಸಲು ಉಳಿದಿದ್ದದ್ದು ಇಪ್ಪತ್ತು ದಿನ. ಹುಡುಗನ ಮುಖ ನೋಡಲಾಗುತ್ತಿರಲಿಲ್ಲ.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಒಂದು ಚಟ ಉಳಿದಿರುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಮೊದಲು ಕಾಲಂ ಹಾಕಿ ಬರೆಯುವುದು, ಆಮೇಲೆ ಮಾತು. ಒಂದು ನೋಟ್ ಪುಸ್ತಕ ತಂದೆ. ಲ್ಯಾಬಿನಲ್ಲಿ ಬಳಸುವಂಥ ಒಂದು ಗಾಜಿನ ಥರ್ಮಾಮೀಟರ್ ಕೊಂಡೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ ಮಕ್ಕಳೇ, ಅದು 42 ಡಿಗ್ರಿಗೇ ಮುಗಿಯುತ್ತದೆ. ಏಳನೇ ತರಗತಿಯ ಮೊಮ್ಮಗಳಿಗೆ ಬರೆಯುವ ಕೆಲಸ. ಕೋಣೆಯ ಬಿಸಿ ಗಾಜಿನ ಥರ್ಮಾಮೀಟರಿನಿಂದ, ನೀರಿನ ಬಿಸಿ ಕಂಪ್ಯೂಟರಿನ ಪರದೆಯಿಂದ. ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟು, ಒಂದೇ ಬಗೆಯ ಲೆಕ್ಕ ಓಡಿಸುತ್ತಾ ಬರೆದದ್ದು ಹೀಗಿತ್ತು:

ಬೆಳಿಗ್ಗೆ 6: ಕೋಣೆ 30, ನೀರು 45
ಬೆಳಿಗ್ಗೆ 11: ಕೋಣೆ 35, ನೀರು 50
ಮಧ್ಯಾಹ್ನ 3: ಕೋಣೆ 39, ನೀರು 54
ರಾತ್ರಿ 9: ಕೋಣೆ 34, ನೀರು 49

ಮೂರು ದಿನ ಬರೆದ ಮೇಲೆ ಹುಡುಗಿ ಪುಸ್ತಕ ಹಿಡಿದು ಓಡಿ ಬಂದಳು. "ತಾತಾ, ಇದರಾಗೆ ಒಂದು ತಮಾಷೆ ಐತೆ ನೋಡು. ಎರಡನ್ನೂ ಕಳೆದ್ರೆ ಯಾವಾಗ್ಲೂ ಹದಿನೈದೇ ಬರ್ತೈತೆ!"

ಅವಳ ಕಣ್ಣಿಗೆ ಬಿದ್ದದ್ದೇ ಇಡೀ ವಿಷಯದ ಬೀಗದಕೈ.

ಹದಿನೈದರ ಗುಟ್ಟು

ರೇಡಿಯೇಟರ್ ನೀರನ್ನು ತಣಿಸುವುದು ಗಾಳಿಗೆ ಬಿಸಿ ಕೊಟ್ಟು. ಬಿಸಿ ಹರಿಯುವುದು ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಮಾತ್ರ. ಆದ್ದರಿಂದ ಫ್ಯಾನ್ ಎಷ್ಟೇ ಬೀಸಿದರೂ ನೀರು ಕೋಣೆಯ ಗಾಳಿಗಿಂತ ತಣ್ಣಗಾಗದು. ಎಷ್ಟು ಬಿಸಿ ಸಾಗಿಸಬೇಕೋ ಅದಕ್ಕೆ ತಕ್ಕಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಕೆಲಸ ಅಷ್ಟೇ, ಫ್ಯಾನ್ ಅಷ್ಟೇ ಎಂದಾದರೆ ವ್ಯತ್ಯಾಸವೂ ಅಷ್ಟೇ. ಕೋಣೆ ಒಂದು ಡಿಗ್ರಿ ಏರಿದರೆ ನೀರೂ ಒಂದು ಡಿಗ್ರಿ ಏರುತ್ತದೆ.

"ಮತ್ತೆ ಮಡಕೆ ನೀರು ಹೊರಗಿಗಿಂತ ತಣ್ಣಗೆ ಇರ್ತೈತಲ್ಲ ತಾತಾ?" ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಮಡಕೆಯಲ್ಲಿ, ನಮ್ಮ ಕಿಟಕಿಯ ಕೂಲರಿನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಹೋಗುವಾಗ ಬಿಸಿಯನ್ನೂ ಎತ್ತಿಕೊಂಡು ಹೋಗುತ್ತದೆ. ಅದಕ್ಕೇ ಮಡಕೆಯ ನೀರು ಕಡಿಮೆಯಾಗುತ್ತಾ ಬರುತ್ತದೆ. ಕಂಪ್ಯೂಟರಿನ ನೀರು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತದೆ, ಆವಿಯಾಗಲು ದಾರಿಯಿಲ್ಲ.

"ಹಂಗಾದ್ರೆ ಐಸ್ ಹಾಕಿದ್ರೆ?" ಎಂದಳು. ಹಾಕಬಾರದು. ತಣ್ಣೀರಿನ ಲೋಟದ ಹೊರಮೈ ಬೆವರುವುದನ್ನು ನೋಡಿದ್ದೀರಲ್ಲ? ಕೊಳವೆ ಕೋಣೆಗಿಂತ ಬಹಳ ತಣ್ಣಗಾದರೆ ಅದೂ ಹಾಗೆಯೇ ಬೆವರುತ್ತದೆ. ಆ ಹನಿ ವಿದ್ಯುತ್ತಿನ ಹಲಗೆಯ ಮೇಲೆ ಬಿದ್ದರೆ ಕಂಪ್ಯೂಟರಿಗೆ ಜಲಸಮಾಧಿ. ನೀರು ಕೋಣೆಗಿಂತ ಬೆಚ್ಚಗಿರುವುದೇ ಕ್ಷೇಮ.

ಸರಿ, ವ್ಯತ್ಯಾಸ ಇರಲೇಬೇಕು. ಆದರೆ ಹದಿನೈದು ಏಕೆ? ಥರ್ಮಾಮೀಟರನ್ನು ಗೋಡೆಯಿಂದ ತೆಗೆದು ರೇಡಿಯೇಟರ್ ಗಾಳಿ ಎಳೆದುಕೊಳ್ಳುವ ಬಾಯಿಯ ಬಳಿ ಹಿಡಿದೆವು. ಕೋಣೆ 30 ಇದ್ದಾಗ ಅಲ್ಲಿ 37! ಗೂಡಿನೊಳಗೆ ಬಿಟ್ಟ ಬಿಸಿ ಗಾಳಿ ಹೊರಗೆ ಹೋಗಲು ಜಾಗವಿಲ್ಲದೆ ಅಲ್ಲೇ ಸುತ್ತುತ್ತಿತ್ತು. ಫ್ಯಾನ್ ತಾನು ಉಗುಳಿದ್ದನ್ನೇ ಮತ್ತೆ ಕುಡಿಯುತ್ತಿತ್ತು. ಹದಿನೈದರಲ್ಲಿ ಏಳು ಡಿಗ್ರಿ ಗೂಡಿನ ಪಾಲು, ಎಂಟು ಮಾತ್ರ ರೇಡಿಯೇಟರಿನದು.

ಡಬ್ಬಿಯನ್ನು ಗೂಡಿನಿಂದ ಇಳಿಸಿ, ಗೋಡೆಯಿಂದ ಒಂದಡಿ ದೂರ ಮೇಜಿನ ಮೇಲೆ ಇಟ್ಟೆವು. ರೇಡಿಯೇಟರಿನ ಸಂದುಗಳ ಧೂಳನ್ನು ಮೆತ್ತಗಿನ ಬ್ರಷ್‌ನಿಂದ ತೆಗೆದೆವು. ಅಂದು ಮಧ್ಯಾಹ್ನ 3 ಗಂಟೆಗೆ ಕೋಣೆ 39, ನೀರು 47. ಕೆಲಸದ ಹೊತ್ತಿನಲ್ಲಿ ಚಿಪ್ಪು ನೀರಿಗಿಂತ ಇನ್ನೂ 45 ಡಿಗ್ರಿ ಮೇಲಿರುತ್ತಿತ್ತು. ಮೊದಲು 54ಕ್ಕೆ 45 ಕೂಡಿ 99 ಆಗುತ್ತಿತ್ತು. 100ರ ಅಂಚಿಗೆ ಬಂದರೆ ಇಂಥ ಚಿಪ್ಪುಗಳು ತಮ್ಮನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತವೆ, ಅದಕ್ಕೂ ಬಗ್ಗದಿದ್ದರೆ ಯಂತ್ರವೇ ನಿಲ್ಲುತ್ತದೆ. ಈಗ 47ಕ್ಕೆ 45 ಕೂಡಿ 92. ಯಂತ್ರ ನಿಲ್ಲಲಿಲ್ಲ. ಖರ್ಚು, ಥರ್ಮಾಮೀಟರಿನ ಬೆಲೆ.

ಚಿಲ್ಲರೆಯನ್ನಲ್ಲ, ಶಿಲ್ಕನ್ನು ನೋಡಿ

ಉಳಿದದ್ದು ಗೊರ್ರೆನ್ನುವ ಫ್ಯಾನ್. ಅದಕ್ಕೆ ಕಾರಣ ಬೇರೆ. ಫ್ಯಾನಿಗೆ ಅಪ್ಪಣೆ ಕೊಡುತ್ತಿದ್ದದ್ದು ಚಿಪ್ಪಿನೊಳಗಿನ ಅಳತೆ. ಚಿಪ್ಪು ಬಹಳ ಚಂಚಲ. ಒಂದು ಫೈಲ್ ತೆರೆದರೆ ಕಣ್ಣು ಮಿಟುಕಿಸುವುದರಲ್ಲಿ ಇಪ್ಪತ್ತು ಡಿಗ್ರಿ ಏರುತ್ತದೆ, ಮುಗಿದರೆ ಅಷ್ಟೇ ಬೇಗ ಇಳಿಯುತ್ತದೆ. ಫ್ಯಾನ್ ಅದರ ಹಿಂದೆ ಓಡಿ ಓಡಿ ಸುಸ್ತಾಗುತ್ತದೆ.

ಅದೇ ನೀರು ನಿಧಾನಸ್ಥ. ಲೆಕ್ಕ ಹಾಕಿ ನೋಡಿ ಮಕ್ಕಳೇ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4180 ಜೂಲ್ ಬೇಕು. 200 ವ್ಯಾಟ್ ಎಂದರೆ ಸೆಕೆಂಡಿಗೆ 200 ಜೂಲ್. ಹಾಗಾದರೆ ಒಂದು ಡಿಗ್ರಿ ಏರಲು ಸುಮಾರು 21 ಸೆಕೆಂಡ್. ಫ್ಯಾನ್ ಪೂರ್ತಿ ನಿಂತಿದ್ದರೂ ನೀರು ನಿಮಿಷಕ್ಕೆ ಏರುವುದು ಮೂರು ಡಿಗ್ರಿಗಿಂತ ಕಡಿಮೆ. ಎರಡು ಸೆಕೆಂಡಿನ ಕೆಲಸಕ್ಕೆ ಫ್ಯಾನ್ ಗಾಬರಿಯಾಗುವ ಅಗತ್ಯವೇ ಇಲ್ಲ. ಆ ಬಿಸಿಯನ್ನು ನೀರು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಚಿಪ್ಪಿನ ಬಿಸಿ ಕೌಂಟರಿನಲ್ಲಿ ನಡೆಯುವ ಒಂದೊಂದು ಜಮಾ ಖರ್ಚು. ನೀರಿನ ಬಿಸಿ ಸಂಜೆಯ ಶಿಲ್ಕು. ಒಬ್ಬ ಗಿರಾಕಿ ಹಣ ತೆಗೆದ ಕೂಡಲೇ ಮ್ಯಾನೇಜರ್ ಹೆಡ್ ಆಫೀಸಿಗೆ ಫೋನ್ ಮಾಡುವುದಿಲ್ಲ, ಶಿಲ್ಕು ನೋಡಿ ತೀರ್ಮಾನ ಮಾಡುತ್ತಾರೆ. ಫ್ಯಾನೂ ಶಿಲ್ಕನ್ನೇ ನೋಡಬೇಕು.

ಇನ್ನೊಂದು ಸೂಕ್ಷ್ಮವಿದೆ. ತಂಪು ಊರಿನವರು 'ನೀರು 40 ಆದರೆ ಫ್ಯಾನ್ ಪೂರ್ತಿ' ಎಂದು ಇಟ್ಟರೆ ನಡೆಯುತ್ತದೆ. ನಮ್ಮ ಕಡೆ ಕೋಣೆಯೇ 39. ಕಂಪ್ಯೂಟರ್ ಸುಮ್ಮನೆ ಕೂತಿದ್ದರೂ ನೀರು 40 ದಾಟುತ್ತದೆ, ಫ್ಯಾನ್ ಹಗಲೆಲ್ಲ ದಂಡಕ್ಕೆ ಬೊಬ್ಬಿಡುತ್ತದೆ. ಆದ್ದರಿಂದ ಬಳ್ಳಾರಿ ಸೀಮೆಗೆ ಹೊಂದುವುದು ಮೊಮ್ಮಗಳ ಕಳೆಯುವ ಲೆಕ್ಕವೇ: ನೀರಿನ ಬಿಸಿಯಲ್ಲಿ ಗಾಳಿಯ ಬಿಸಿಯನ್ನು ಕಳೆದು, ಉಳಿದದ್ದಕ್ಕೆ ತಕ್ಕಂತೆ ಫ್ಯಾನ್.

ಮೊಮ್ಮಗ ನೂರು ರೂಪಾಯಿಯೊಳಗಿನ ಒಂದು ಥರ್ಮಿಸ್ಟರ್ ತಂದು ಗಾಳಿ ಎಳೆಯುವ ಬಾಯಿಗೆ ಕಟ್ಟಿದ. ವ್ಯತ್ಯಾಸ ಮೂರು ಡಿಗ್ರಿಯವರೆಗೆ ಫ್ಯಾನ್ ನೂರಕ್ಕೆ 30ರಷ್ಟು. ಅಲ್ಲಿಂದ ಮೆಲ್ಲಗೆ ಏರುತ್ತಾ ಹತ್ತು ಡಿಗ್ರಿಗೆ ಪೂರ್ತಿ. ಏರುವಾಗ ಒಂದು ಗೆರೆ, ಇಳಿಯುವಾಗ ಒಂದು ಡಿಗ್ರಿ ಕೆಳಗಿನ ಗೆರೆ. ಇಲ್ಲದಿದ್ದರೆ ಗೆರೆಯ ಮೇಲೇ ಫ್ಯಾನ್ ಹತ್ತಿ ಇಳಿದು ಕುಣಿಯುತ್ತದೆ. ಮನೆಯ ಫ್ರಿಜ್ಜೂ ಇಸ್ತ್ರಿಪೆಟ್ಟಿಗೆಯೂ ಹೀಗೆಯೇ ಒಂದು ಬಿಸಿಗೆ ಹತ್ತಿ ಇನ್ನೊಂದಕ್ಕೆ ಆರುತ್ತವೆ. ಅಂದು ರಾತ್ರಿ ಮನೆಯಾಕೆ, "ಕಂಪ್ಯೂಟರ್ ಕೆಟ್ಟೋಯ್ತಾ? ಸದ್ದೇ ಇಲ್ಲ" ಎಂದು ಎದ್ದು ಬಂದು ನೋಡಿದಳು. ಪ್ರಾಜೆಕ್ಟ್ ಗಡುವಿಗೆ ಎರಡು ದಿನ ಮೊದಲೇ ಮುಗಿಯಿತು.

ಕಾವಲುಗಾರ ಬೇಕೇ ಬೇಕು

ಶಿಲ್ಕನ್ನು ಮಾತ್ರ ನೋಡಿ ಕೂರುವುದರಲ್ಲಿ ಒಂದು ಅಪಾಯವೂ ಇದೆ. ಪಂಪು ನಿಂತುಹೋಯಿತು ಎನ್ನಿ. ನೀರು ಚಿಪ್ಪಿನಿಂದ ಬಿಸಿ ತರುವುದೇ ಇಲ್ಲ. ರೇಡಿಯೇಟರ್ ಬಳಿಯ ನೀರು ತಣ್ಣಗೇ ಇರುತ್ತದೆ, ಅದನ್ನು ನೋಡಿ ಫ್ಯಾನ್ ನೆಮ್ಮದಿಯಾಗಿರುತ್ತದೆ. ಅತ್ತ ಚಿಪ್ಪು ಕುದಿಯುತ್ತಿರುತ್ತದೆ. ಆದ್ದರಿಂದ ಚಿಪ್ಪಿನ ಅಳತೆಯನ್ನು ದಿನದ ಕೆಲಸದಿಂದ ಬಿಡಿಸಿದರೂ ಕಾವಲಿಗೆ ಇಟ್ಟುಕೊಳ್ಳಬೇಕು. ಚಿಪ್ಪು 95 ದಾಟಿದರೆ, ಪಂಪಿನ ಸುತ್ತು ಇಳಿದರೆ, ನೀರು 55 ದಾಟಿದರೆ ಎಚ್ಚರಿಕೆ ಕೊಡಬೇಕು, ಕೆಲಸ ನಿಲ್ಲಿಸಬೇಕು. ನೀರು 60 ಮೀರಬಾರದು ಎಂದು ಅನೇಕ ಪಂಪುಗಳ ತಯಾರಕರು ಹೇಳುತ್ತಾರೆ. ಥರ್ಮಿಸ್ಟರಿನ ತಂತಿ ಕಿತ್ತುಹೋದರೆ ಫ್ಯಾನ್ ನಿಲ್ಲಬಾರದು, ಪೂರ್ತಿ ವೇಗಕ್ಕೆ ಹೋಗಬೇಕು. ಅನುಮಾನ ಬಂದಾಗ ಕ್ಷೇಮದ ಕಡೆ ವಾಲಬೇಕು ಎಂಬುದು ಬ್ಯಾಂಕಿಗೂ ಯಂತ್ರಕ್ಕೂ ಒಂದೇ ನಿಯಮ.

ಅಳೆಯುವುದು, ಹೋಲಿಸುವುದು, ತಿದ್ದುವುದು, ಮತ್ತೆ ಅಳೆಯುವುದು. ಈ ಚಕ್ರ ಕಂಪ್ಯೂಟರಿಗಿಂತ ಬಹಳ ಹಳೆಯದು. ಸುಮಾರು 400 ವರ್ಷಗಳ ಹಿಂದೆ ಹಾಲೆಂಡಿನ ಕಾರ್ನೆಲಿಸ್ ಡ್ರೆಬೆಲ್ ಎಂಬಾತ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆ ಮಾಡಿದ. ಬಿಸಿ ಹೆಚ್ಚಾದರೆ ಪಾತ್ರೆಯೊಳಗಿನ ದ್ರವ ಹಿಗ್ಗಿ ಒಂದು ಕಡ್ಡಿಯನ್ನು ಎತ್ತುತ್ತಿತ್ತು. ಕಡ್ಡಿ ಒಲೆಗೆ ಗಾಳಿ ಬರುವ ಕಿಂಡಿಯನ್ನು ಮುಚ್ಚುತ್ತಿತ್ತು. ಬಿಸಿ ತಗ್ಗಿದರೆ ಕಿಂಡಿ ತೆರೆಯುತ್ತಿತ್ತು. ವಿದ್ಯುತ್ತಿಲ್ಲ, ಚಿಪ್ಪಿಲ್ಲ, ಆದರೂ ಕೆಲಸ ಇದೇ. ಮರಿಗೆ ಕಾವು ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ತಾಯಿಕೋಳಿಗೆ ಇದು ಮೊದಲೇ ಗೊತ್ತಿತ್ತು ಎನ್ನುವುದು ಬೇರೆ ಮಾತು!

ಅಜ್ಜ ಮೊಮ್ಮಕ್ಕಳು ಸೇರಿ ಮಾಡಿ ನೋಡಿ

ಬೇಕಾದದ್ದು: ಒಂದೇ ಅಳತೆಯ ಎರಡು ಸ್ಟೀಲ್ ಲೋಟ, ಲ್ಯಾಬಿನ ಥರ್ಮಾಮೀಟರ್, ಮೇಜಿನ ಫ್ಯಾನ್, ಗಡಿಯಾರ, ನೋಟ್ ಪುಸ್ತಕ.

1. ಎರಡೂ ಲೋಟಕ್ಕೆ ಒಂದೇ ಮಟ್ಟಕ್ಕೆ ಸ್ನಾನದ ನೀರಿನಷ್ಟು ಬಿಸಿಯಾದ ನೀರು ಹಾಕಿ ತಟ್ಟೆ ಮುಚ್ಚಿ. ನೀರು ಹಾಕುವ ಕೆಲಸ ದೊಡ್ಡವರದು.

2. ಒಂದು ಲೋಟವನ್ನು ಫ್ಯಾನಿನ ಎದುರು, ಇನ್ನೊಂದನ್ನು ಗಾಳಿಯಿಲ್ಲದ ಮೂಲೆಯಲ್ಲಿ ಇಡಿ. ಕೋಣೆಯ ಬಿಸಿಯನ್ನೂ ಬರೆದುಕೊಳ್ಳಿ.

3. ಐದೈದು ನಿಮಿಷಕ್ಕೆ ಎರಡರ ಬಿಸಿಯನ್ನೂ ಒಂದು ಗಂಟೆ ಕಾಲ ಬರೆಯಿರಿ.

4. ಪ್ರತಿ ಸಾಲಿನಲ್ಲೂ ನೀರಿನ ಬಿಸಿಯಿಂದ ಕೋಣೆಯ ಬಿಸಿಯನ್ನು ಕಳೆದು ಇನ್ನೊಂದು ಕಾಲಂನಲ್ಲಿ ಬರೆಯಿರಿ.

ಯಾವ ಲೋಟದ ವ್ಯತ್ಯಾಸ ಬೇಗ ಕರಗಿತು? ಮೊದಲ ಐದು ನಿಮಿಷದಲ್ಲಿ ಇಳಿದದ್ದು ಹೆಚ್ಚೋ, ಕೊನೆಯ ಐದು ನಿಮಿಷದಲ್ಲಿ ಇಳಿದದ್ದು ಹೆಚ್ಚೋ? ಫ್ಯಾನಿನ ಎದುರಿನ ಲೋಟ ಕೋಣೆಗಿಂತ ತಣ್ಣಗಾಯಿತೇ? ಆಮೇಲೆ ತಟ್ಟೆ ತೆಗೆದು, ಲೋಟಕ್ಕೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಎದುರು ಇನ್ನೊಮ್ಮೆ ಇಡಿ. ಈ ಸಲ ಕಾಲಂನಲ್ಲಿ ಏನು ಬರುತ್ತದೆಂದು ನಾನು ಹೇಳುವುದಿಲ್ಲ, ನೀವೇ ಅಳೆದು ಬರೆಯಿರಿ.